ನೀರಿನ ವೇಗ ಗಂಟೆಗೆ 114 ಕಿಲೋಮೀಟರ್, ಗಾಡಿಯ ವೇಗ ಗಂಟೆಗೆ 28 ಮೀಟರ್

ನೀರು ನಾಝಲ್ ಬಿಟ್ಟು ಹೊರಬೀಳುವಾಗ ಅದರ ವೇಗ ಗಂಟೆಗೆ ಸುಮಾರು 114 ಕಿಲೋಮೀಟರ್. ಆ ನಾಝಲ್ ಹೊತ್ತ ಗಾಡಿ ಹೊಲದಲ್ಲಿ ಸರಿಯುವುದು ಗಂಟೆಗೆ ಬರೀ 28 ಮೀಟರ್, ಅಂದರೆ ನಿಮಿಷಕ್ಕೆ ಒಂದೂವರೆ ಅಡಿ. ಎರಡರ ನಡುವೆ ನಾಲ್ಕು ಸಾವಿರ ಪಟ್ಟು ಅಂತರ. ವಿಚಿತ್ರವೆಂದರೆ ಗಾಡಿಯನ್ನು ಎಳೆಯುವುದೂ ಅದೇ ನೀರು. ಹೋಸ್ ರೀಲ್ ಎಂಬ ಯಂತ್ರದ ಮುಂದೆ ಮೊದಲ ಸಲ ನಿಂತವರು ಆಕಾಶಕ್ಕೆ ಚಿಮ್ಮುವ ನೀರನ್ನೇ ನೋಡುತ್ತಾರೆ. ನನಗೆ ಮಾತ್ರ ಮಣ್ಣಿಗೆ ಅಂಟಿಕೊಂಡು, ಸರಿಯುತ್ತಿದೆಯೋ ಇಲ್ಲವೋ ಎಂಬಂತೆ ಬರುವ ಆ ಕರಿ ಪೈಪಿನ ಮೇಲೆಯೇ ಕಣ್ಣು.

ಯಂತ್ರದ ರಚನೆ ಸರಳ. ಗಾಲಿಗಳ ಮೇಲೆ ಒಂದು ದೊಡ್ಡ ಉಕ್ಕಿನ ಡ್ರಮ್ಮು. ಅದಕ್ಕೆ ಸುತ್ತಿದ ಪಾಲಿಎಥಿಲೀನ್ ಪೈಪು. ಪೈಪಿನ ತುದಿಗೆ ಸಣ್ಣ ಗಾಡಿ, ಗಾಡಿಯ ಮೇಲೆ ರೇನ್‌ಗನ್. ಡ್ರಮ್ಮನ್ನು ಹೊಲದ ಒಂದು ತುದಿಗೆ ನಿಲ್ಲಿಸಿ, ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಇನ್ನೊಂದು ತುದಿಯವರೆಗೆ ಪೈಪು ಬಿಚ್ಚಿಕೊಂಡು ಹೋಗಬೇಕು. ಆಮೇಲೆ ವಾಲ್ವು ತೆಗೆದರೆ ಆಯಿತು. ಒಳನುಗ್ಗುವ ನೀರು ಪುಟ್ಟ ಟರ್ಬೈನ್ ತಿರುಗಿಸುತ್ತದೆ, ಟರ್ಬೈನ್ ಗೇರ್‌ಬಾಕ್ಸ್ ತಿರುಗಿಸುತ್ತದೆ, ಗೇರ್‌ಬಾಕ್ಸ್ ಡ್ರಮ್ಮನ್ನು ತಿರುಗಿಸುತ್ತದೆ. ಪೈಪು ಸುತ್ತಿಕೊಳ್ಳುತ್ತ ಗನ್ ಗಾಡಿ ಮೆಲ್ಲಗೆ ಹಿಂದಕ್ಕೆ ಬರುತ್ತದೆ. ಗನ್ನು ಪೂರ್ತಿ ಸುತ್ತು ತಿರುಗುವುದಿಲ್ಲ. ತಾನು ಸರಿಯಬೇಕಾದ ಕಡೆಯ ಮಣ್ಣನ್ನು ಒಣಗಾಗಿಯೇ ಬಿಟ್ಟು, ಉಳಿದ ಮುಕ್ಕಾಲು ಸುತ್ತಿಗೆ ನೀರೆರಚುತ್ತದೆ. ಎರಿ ಹೊಲದಲ್ಲಿ ಹಸಿ ಮಣ್ಣಿನ ಮೇಲೆ ಗಾಲಿ ಹೂತರೆ ಏನಾಗುತ್ತದೆಂದು ಬಲ್ಲವರಿಗೆ ಈ ಏರ್ಪಾಡಿನ ಬೆಲೆ ಹೇಳಬೇಕಿಲ್ಲ.

ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂಥ ಊರಿನ ರೈತ ಇಂಥ ಯಂತ್ರ ಕೊಳ್ಳಬೇಕೇ? ಕೊಂಡರೆ ಎಷ್ಟು ದೊಡ್ಡದು? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಹೊಲದ ಮುಂದೆ ನೀರು ಸಣ್ಣದು. ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಅದೇ ಹೊಳೆ ಹರಿದು ರಾಮದುರ್ಗ ಮುಟ್ಟುವ ಹೊತ್ತಿಗೆ ಮಳೆ 600 ಮಿಲಿಮೀಟರಿನ ಒಳಗೆ ಬಂದಿರುತ್ತದೆ. ಬಿಳಿಜೋಳ, ಕಡಲೆ, ಗೋವಿನಜೋಳ, ಹತ್ತಿ, ಉಳ್ಳಾಗಡ್ಡಿ ಎಲ್ಲವೂ ಇಲ್ಲಿ ಒಂದು ಹದ ಮಳೆಗೆ ಕಾದು ಕೂರುವ ಬೆಳೆಗಳು.

ಆ ಒಂದು ಹದ ಮಳೆಯನ್ನೇ ತೂಕಕ್ಕೆ ಇಡೋಣ. 25 ಮಿಲಿಮೀಟರ್ ಮಳೆ ಒಂದು ಎಕರೆಗೆ ಬಿದ್ದರೆ ಒಂದು ಲಕ್ಷ ಲೀಟರ್ ನೀರು. ಐದು ಸಾವಿರ ಲೀಟರಿನ ಟ್ಯಾಂಕರು ಇಪ್ಪತ್ತು ಸಲ ಬಂದು ಹೋಗಬೇಕು, ಅದೂ ಒಂದೇ ಎಕರೆಗೆ. ಸಾವಿರ ಎಕರೆಯ ಮೇಲೆ ಮೋಡ ಅರ್ಧ ತಾಸಿನಲ್ಲಿ ಸುರಿಸಿ ಹೋಗುವುದು ಹತ್ತು ಕೋಟಿ ಲೀಟರ್, ಇಪ್ಪತ್ತು ಸಾವಿರ ಟ್ಯಾಂಕರಿನ ನೀರು. ನೀರಾವರಿ ಯಂತ್ರ ಮಾರುವವರು ಯಾರೂ ಈ ಲೆಕ್ಕದಿಂದ ಮಾತು ಶುರುಮಾಡುವುದಿಲ್ಲ. ಎಷ್ಟು ಎಚ್‌ಪಿ, ಎಷ್ಟು ದೂರ ಚಿಮ್ಮುತ್ತದೆ, ಎಷ್ಟು ಸಬ್ಸಿಡಿ ಎಂಬುದರಿಂದಲೇ ಮಾತು. ನಾವು ಮಾತ್ರ ಮಿಲಿಮೀಟರಿನಿಂದ ಶುರುಮಾಡಬೇಕು, ಏಕೆಂದರೆ ಬೆಳೆಗೆ ಬೇಕಾದದ್ದು ಅದೊಂದೇ.

ದೊಡ್ಡ ಯಂತ್ರದ ಲೆಕ್ಕ ನೋಡಿ. ಹೊರ ವ್ಯಾಸ 110 ಮಿಲಿಮೀಟರ್, ಉದ್ದ 400 ಮೀಟರ್ ಪೈಪು. ಗನ್ನಿಗೆ 24 ಮಿಲಿಮೀಟರಿನ ನಾಝಲ್. ಗನ್ನಿನ ಬಾಯಲ್ಲಿ 5 ಬಾರ್ ಒತ್ತಡ, ಅಂದರೆ 50 ಮೀಟರ್ ಎತ್ತರದ ನೀರಿನ ಕಂಬದ ಭಾರ. ಇಷ್ಟಿದ್ದರೆ ಗಂಟೆಗೆ 50,000 ಲೀಟರ್ ಹೊರಬೀಳುತ್ತದೆ, ಸುತ್ತ 45 ಮೀಟರಿಗೂ ದೂರ ಹಾರುತ್ತದೆ. ಒಂದು ಎಳೆತಕ್ಕೆ 70 ಮೀಟರ್ ಅಗಲ, 400 ಮೀಟರ್ ಉದ್ದದ ಪಟ್ಟಿ ನೆನೆಯುತ್ತದೆ: ಏಳು ಎಕರೆ. 25 ಮಿಲಿಮೀಟರ್ ಕೊಡಬೇಕಾದರೆ 14 ತಾಸು.

ಪೈಪಿನ ತೂಕವನ್ನೂ ನೋಡಬೇಕು. ಖಾಲಿ ಪೈಪೇ ಒಂದು ಟನ್. ಅದರ ಹೊಟ್ಟೆಯಲ್ಲಿ ನಿಲ್ಲುವ ನೀರು 2,800 ಲೀಟರ್. ಹೀಗೆ ಹೆಚ್ಚುಕಡಿಮೆ ನಾಲ್ಕು ಟನ್ ಭಾರದ ಹಾವನ್ನು ಕೈಯಗಲದ ಟರ್ಬೈನೊಂದು ಹೊಲದುದ್ದಕ್ಕೂ ಎಳೆದು ಸುತ್ತುತ್ತದೆ. ಡ್ರಮ್ಮಿನ ಕಾಲುಗಳನ್ನು ನೆಲಕ್ಕೆ ಸರಿಯಾಗಿ ಊರದಿದ್ದರೆ ಪೈಪು ಯಂತ್ರದ ಕಡೆಗೆ ಬರುವ ಬದಲು ಯಂತ್ರವೇ ಪೈಪಿನ ಕಡೆಗೆ ಸರಿಯುತ್ತದೆ.

ಈ ಯಂತ್ರ ಯಾಕೆ ಬೇಕು ಎಂಬುದಕ್ಕೆ ಉತ್ತರ ನಮ್ಮ ಸ್ಪ್ರಿಂಕ್ಲರ್ ಸೆಟ್ಟಿನಲ್ಲೇ ಇದೆ. ಇಪ್ಪತ್ತಡಿ ಉದ್ದದ ಕರಿ ಪೈಪುಗಳನ್ನು ಜೋಡಿಸಿ, ಹನ್ನೆರಡು ಮೀಟರಿಗೆ ಒಂದರಂತೆ ಐದು ಸ್ಪ್ರಿಂಕ್ಲರ್ ನಿಲ್ಲಿಸುತ್ತಾರೆ ಎನ್ನೋಣ. ಒಂದು ಸ್ಪ್ರಿಂಕ್ಲರಿಗೆ 144 ಚದರ ಮೀಟರ್. ಮೇಲೆ ಹೇಳಿದ ಏಳು ಎಕರೆ ಪಟ್ಟಿಯನ್ನು ಈ ಐದರಿಂದ ಮುಗಿಸಲು 39 ಸಲ ಜಾಗ ಬದಲಿಸಬೇಕು. ಮೂವತ್ತೊಂಬತ್ತು ಸಲ ಪೈಪು ಬಿಚ್ಚಿ, ಹೊತ್ತು, ಜೋಡಿಸಬೇಕು. ಥ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ, ಆ ಓಡಾಟವೆಲ್ಲ ಕತ್ತಲಲ್ಲಿ, ಕಾಲಿಗೆ ಸೇರುಗಟ್ಟಲೆ ಮೆತ್ತುವ ಎರಿ ಮಣ್ಣಿನಲ್ಲಿ, ಹಾವು ಹರಿದಾಡುವ ಬದುವಿನ ಪಕ್ಕದಲ್ಲಿ. ಹೋಸ್ ರೀಲಿಗೆ ಅದೇ ಏಳು ಎಕರೆ ಒಂದೇ ಎಳೆತ. ಆಳು ಸಿಗದ ಈ ಕಾಲದಲ್ಲಿ 39 ಮತ್ತು 1 ಎಂಬ ಎರಡು ಸಂಖ್ಯೆಗಳೇ ಸಾಕು, ಯಂತ್ರದ ಪರವಾಗಿ ಬೇರೆ ವಾದ ಬೇಡ.

ಆದರೆ ವಿರುದ್ಧದ ಸಂಖ್ಯೆಗಳೂ ಅಷ್ಟೇ ಗಟ್ಟಿ. ಮೊದಲನೆಯದು ಮೋಟರಿನದು. ಗನ್ನಿಗೆ 50 ಮೀಟರ್ ಒತ್ತಡ, ಪೈಪಿನ ಘರ್ಷಣೆಗೆ 15 ಮೀಟರ್, ಟರ್ಬೈನಿಗೆ 10, ನೀರು ಎತ್ತಿ ಹೊಲ ಮುಟ್ಟಿಸಲು ಇನ್ನೊಂದು 15. ಒಟ್ಟು 90 ಮೀಟರ್. ಗಂಟೆಗೆ 50,000 ಲೀಟರನ್ನು ಇಷ್ಟು ಒತ್ತಡಕ್ಕೆ ಏರಿಸಲು ಒಳ್ಳೆಯ ಪಂಪಿಗೂ 25 ಎಚ್‌ಪಿ ಬೇಕು. ಕರ್ನಾಟಕದಲ್ಲಿ ಕೃಷಿ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಸಿಗುವುದು 10 ಎಚ್‌ಪಿವರೆಗೆ ಮಾತ್ರ. ಗೆರೆ ದಾಟಿದ ಮೇಲೆ ಗಂಟೆಗೆ 19 ಯೂನಿಟ್‌ನಂತೆ ಬಿಲ್ಲು ಓಡುತ್ತದೆ. ದಿನಕ್ಕೆ ಏಳು ತಾಸು ಥ್ರೀ ಫೇಸ್ ಸಿಕ್ಕರೂ 14 ತಾಸಿನ ಒಂದು ಎಳೆತಕ್ಕೆ ಎರಡು ದಿನ ಬೇಕು. ನಡುವೆ ಕರೆಂಟು ಹೋದಲ್ಲಿ ಗಾಡಿ ನಿಲ್ಲುತ್ತದೆ, ಮರುದಿನ ಅಲ್ಲಿಂದಲೇ ಮತ್ತೆ ಶುರು.

ಎರಡನೆಯದು ನೀರಿನದು. ಇದನ್ನು ನಮ್ಮ ಕಡೆಯ ‘ಇಂಚಿ’ನ ಲೆಕ್ಕದಲ್ಲೇ ಹೇಳುತ್ತೇನೆ. ಬೋರು ಕೊರೆದಾಗ ವಿ ಆಕಾರದ ಕಿಂಡಿಯಿಂದ ನೀರು ಹರಿಸಿ ಒಂದು ಇಂಚು, ಎರಡು ಇಂಚು ಎಂದು ಅಳೆಯುತ್ತಾರಲ್ಲ, ಆ ಅಳತೆ ಮೋಸದ್ದಲ್ಲ, ಆದರೆ ಭಾರಿ ಜಿಗಿತದ್ದು. ಒಂದು ಇಂಚು ಅಂದರೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚಿಗೆ ಅದು ಸಾವಿರವಲ್ಲ, 2,900. ಮೂರು ಇಂಚಿಗೆ 8,000. ನಾಲ್ಕಕ್ಕೆ 16,000. ಇಂಚು ದುಪ್ಪಟ್ಟಾದರೆ ನೀರು ಐದೂವರೆ ಪಟ್ಟಿಗೂ ಹೆಚ್ಚು. 50,000 ಲೀಟರ್ ಕೇಳುವ ಗನ್ನಿಗೆ ಆರೂಕಾಲು ಇಂಚು ನೀರು ಬೇಕು. ಎರಡು ಇಂಚಿನ ಬೋರುಗಳಾದರೆ ಹದಿನೇಳನ್ನು ಒಟ್ಟಿಗೆ ಕಟ್ಟಬೇಕು. ಎರಡು ಇಂಚಿಗೂ ಆರೂಕಾಲು ಇಂಚಿಗೂ ಮೂರೇ ಪಟ್ಟು ಅಂತರ ಎಂದುಕೊಂಡು ಯಂತ್ರ ತಂದವರ ಹೊಲದಲ್ಲಿ ಗನ್ನು ಚಿಮ್ಮುವುದಿಲ್ಲ, ತೊಟ್ಟಿಕ್ಕುತ್ತದೆ.

ಮೂರನೆಯದು ಹೊಲದ ಅಳತೆಯದು. 2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರು ಎಕರೆ ಹದಿನಾಲ್ಕು ಗುಂಟೆ. ದೊಡ್ಡ ಯಂತ್ರದ ಒಂದೇ ಎಳೆತ ಇಬ್ಬರು ಸರಾಸರಿ ರೈತರ ಇಡೀ ಹೊಲವನ್ನು ದಾಟಿಬಿಡುತ್ತದೆ. ಅಮೆರಿಕದಲ್ಲಿ ಫ್ರಾಂಕ್ ಜೈಬಾಕ್ 1952ರಲ್ಲಿ ಪೇಟೆಂಟ್ ಪಡೆದ ಸೆಂಟರ್ ಪಿವೋಟ್ ಒಂದು ಸುತ್ತು ಬಂದರೆ ನೂರಿಪ್ಪತ್ತು ಎಕರೆಗೂ ಮೀರಿ ನೆನೆಯುತ್ತದೆ. ಆ ದೇಶದ ಚಚ್ಚೌಕ ಹೊಲಗಳಿಗೆ ಹುಟ್ಟಿದ ಯಂತ್ರ ಅದು. ಯುರೋಪಿನ ಆಲೂಗಡ್ಡೆ, ಸಕ್ಕರೆ ಬೀಟ್ ಹೊಲಗಳಲ್ಲಿ ದುಡಿಯುವ ದೊಡ್ಡ ಹೋಸ್ ರೀಲುಗಳೂ ಅಂಥ ಉದ್ದ ಪಟ್ಟಿಗಳಿಗೇ ಒಗ್ಗಿದವು. ನಮ್ಮಲ್ಲಿ 400 ಮೀಟರ್ ನೇರ ಹೋದರೆ ನಡುವೆ ಮೂರು ಬದು, ಒಂದು ಹಳ್ಳ, ಅಣ್ಣತಮ್ಮಂದಿರ ಎರಡು ಪಾಲು ಸಿಗುತ್ತವೆ.

ಅಳತೆಯ ಬೆರಗು ಇಲ್ಲಿಗೆ ಮುಗಿಯದು. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ 1972ರಲ್ಲಿ ಪೂರ್ತಿಯಾದ ಅಣೆಕಟ್ಟೆಯ ಹಿಂದೆ ನಿಲ್ಲುವ ರೇಣುಕಾ ಸಾಗರದ ಸಾಮರ್ಥ್ಯ 37.73 ಟಿಎಂಸಿ. ಗಂಟೆಗೆ 50,000 ಲೀಟರ್ ಚಿಮ್ಮುವ ಈ ದೊಡ್ಡ ಗನ್ನೊಂದನ್ನು ಹಗಲಿರುಳು ಓಡಿಸಿದರೆ ತುಂಬಿದ ಜಲಾಶಯವನ್ನು ಬರಿದು ಮಾಡಲು 2,400 ವರ್ಷಕ್ಕೂ ಹೆಚ್ಚು ಬೇಕು. ಹೊಲದಲ್ಲಿ ನಿಂತು ನೋಡಿದವರಿಗೆ ಹೊಳೆಯನ್ನೇ ಎತ್ತಿ ಎಸೆಯುವಂತೆ ಕಾಣುವ ಗನ್ನು ಜಲಾಶಯದ ಮುಂದೆ ಏನೂ ಅಲ್ಲ. ತಿರುಗಿಸಿ ನೋಡಿದರೆ, ಮಲಪ್ರಭಾ ಯೋಜನೆಯ ಎರಡು ಲಕ್ಷ ಹೆಕ್ಟೇರ್ ಆಸುಪಾಸಿನ ಅಚ್ಚುಕಟ್ಟಿಗೆ ಒಂದೇ ಒಂದು ಸಲ 25 ಮಿಲಿಮೀಟರ್ ಕೊಡಲು ಒಂದೂಮುಕ್ಕಾಲು ಟಿಎಂಸಿ ಸಾಕು. ಆದರೆ ಅದನ್ನು ಹದಿನಾಲ್ಕು ದಿನದಲ್ಲಿ, ದಿನಕ್ಕೆ ಏಳು ತಾಸಿನಂತೆ ಎರಚಲು ಹತ್ತು ಸಾವಿರ ದೊಡ್ಡ ಯಂತ್ರಗಳು ಬೇಕು. ನೀರು ಇರುವುದು ಬೇರೆ, ಬೇಕಾದ ಹೊತ್ತಿಗೆ ಬೇಕಾದ ಹೊಲಕ್ಕೆ ಮುಟ್ಟುವುದು ಬೇರೆ. ಇದೇ ಮಲಪ್ರಭೆಯ ಕಾಲುವೆ ಸೀಮೆಯಲ್ಲಿ, ನರಗುಂದ ಮತ್ತು ನವಲಗುಂದದಲ್ಲಿ, 1980ರ ಜುಲೈನಲ್ಲಿ ರೈತರು ಪ್ರಾಣ ಕೊಟ್ಟದ್ದನ್ನು ಈ ಭಾಗ ಮರೆತಿಲ್ಲ.

ದೊಡ್ಡ ಪ್ರದೇಶಕ್ಕೆ ಒತ್ತಡದ ನೀರು ಕೊಡುವ ಇನ್ನೊಂದು ದಾರಿಯೂ ಪಕ್ಕದ ಜಿಲ್ಲೆಯಲ್ಲೇ ಇದೆ. ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆಯ ರಾಮಥಾಳ ಯೋಜನೆಯಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ, ಸುಮಾರು 24,000 ಹೆಕ್ಟೇರಿಗೆ ಹನಿ ನೀರಾವರಿಯ ಪೈಪು ಹಾಕಿದರು. ಅಲ್ಲಿ ಒತ್ತಡ ಸಾಮೂಹಿಕ, ಪ್ರತಿ ರೈತನಿಗೂ ಬೇರೆ ಮೋಟರಿಲ್ಲ. ಸರ್ಕಾರದ ಹೆಗಲಿಲ್ಲದೆ ಆಗುವ ಕೆಲಸವಲ್ಲ ಅದು. ಸಾಲಹಳ್ಳಿಯ ರೈತ ಇವತ್ತು ಒಬ್ಬನೇ, ಅಥವಾ ಅಕ್ಕಪಕ್ಕದ ಹೊಲದವರೊಂದಿಗೆ ಸೇರಿ, ಏನು ಮಾಡಬಹುದು ಎಂಬುದೇ ನನ್ನ ಕಾಳಜಿ.

ಹೋಸ್ ರೀಲ್ ಬೇಕೇ ಬೇಕೆಂದರೆ ನನ್ನ ಮತ ಸಣ್ಣದಕ್ಕೆ. ಹೊರ ವ್ಯಾಸ 63 ಮಿಲಿಮೀಟರ್, ಉದ್ದ 200 ಮೀಟರ್ ಪೈಪು, 12 ಮಿಲಿಮೀಟರ್ ನಾಝಲ್, ಗನ್ನಿನಲ್ಲಿ ಮೂರೂವರೆ ಬಾರ್. ಇದು ಗಂಟೆಗೆ ಕೇಳುವುದು 10,000 ಲೀಟರ್ ಚಿಲ್ಲರೆ, ಅಂದರೆ ಮೂರೂಕಾಲು ಇಂಚು ಮೀರಿದ ನೀರು. 5 ಎಚ್‌ಪಿ ಮೋಟರು ಇದಕ್ಕೆ ಸಾಲುತ್ತದೆ. ಒಂದು ಎಳೆತಕ್ಕೆ ಎರಡು ಎಕರೆಯ ಹತ್ತಿರ ನೆನೆಯುತ್ತದೆ. ನಿಧಾನ ನಿಜ, 25 ಮಿಲಿಮೀಟರಿಗೆ ಹತ್ತೊಂಬತ್ತು ತಾಸು ಹಿಡಿಯುತ್ತದೆ. ಆದರೆ ಉಚಿತ ವಿದ್ಯುತ್ತಿನ ಮಿತಿಯೊಳಗೆ, ನಮ್ಮ ಹೊಲದ ಅಳತೆಯೊಳಗೆ, ಹೊಂಡದ ನೀರಿನೊಳಗೆ ಕೂರುವ ಯಂತ್ರ ಇದೇ.

ಹೊಂಡದ ಲೆಕ್ಕ ಹೇಳಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಲ್ಲಿ ತೋಡಿದ ಹೊಂಡಗಳಲ್ಲಿ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದವು ಇವೆ. ಬದಿಗಳು ಒಂದಕ್ಕೆ ಒಂದು ಇಳಿಜಾರಾದರೆ ಅದರೊಳಗೆ 9.8 ಲಕ್ಷ ಲೀಟರ್ ನಿಲ್ಲುತ್ತದೆ. ದೊಡ್ಡ ಗನ್ನು ಅದನ್ನು ಇಪ್ಪತ್ತು ತಾಸಿನೊಳಗೆ ಕುಡಿದು ಮುಗಿಸುತ್ತದೆ. ಸಣ್ಣ ಗನ್ನು ದಿನಕ್ಕೆ ಏಳು ತಾಸಿನಂತೆ ಹದಿಮೂರು, ಹದಿನಾಲ್ಕು ದಿನ ಓಡುತ್ತದೆ. ಗಾಳಿಗೆ, ಬಿಸಿಲಿಗೆ ಹೋಗುವುದನ್ನು ಕಳೆದರೂ ಎಂಟು ಎಕರೆ ಹಿಂಗಾರಿ ಜೋಳಕ್ಕೆ ಹೊಡೆ ಹಂತದಲ್ಲಿ ಒಂದು ನೀರು. ಅಂಥ ಒಂದೇ ನೀರಿನಿಂದ ಕಾಳು ಜೊಳ್ಳಾಗದೆ ಉಳಿಯುವ ವರ್ಷಗಳಿವೆ.

ಆರಿಸುವಾಗ ಎಲ್ಲಕ್ಕಿಂತ ದೊಡ್ಡ ತಪ್ಪು ಪೈಪಿನಲ್ಲಿ ಉಳಿತಾಯ ಮಾಡುವುದು. ಪೈಪಿನ ಒಳವ್ಯಾಸ ಅರ್ಧವಾದರೆ, ಅಷ್ಟೇ ನೀರು ಹರಿಸಲು ಘರ್ಷಣೆ ಎರಡು ಪಟ್ಟಾಗುವುದಿಲ್ಲ, ನಾಲ್ಕಾಗುವುದಿಲ್ಲ, ಇಪ್ಪತ್ತೊಂಬತ್ತು ಪಟ್ಟಾಗುತ್ತದೆ. ಆ ದೊಡ್ಡ ಯಂತ್ರಕ್ಕೇ 110ರ ಬದಲು 90 ಮಿಲಿಮೀಟರಿನ ಪೈಪು ಹಾಕಿದರೆ ಘರ್ಷಣೆ 15 ಮೀಟರಿನಿಂದ 41ಕ್ಕೆ ಏರುತ್ತದೆ. ಆ ಹೆಚ್ಚುವರಿ 26 ಮೀಟರಿಗೆ ಗಂಟೆ ಗಂಟೆಗೂ 7 ಎಚ್‌ಪಿ ಸುಮ್ಮನೆ ಉರಿಯುತ್ತದೆ. ಕೊಳ್ಳುವಾಗ ಒಂದೇ ಸಲ ಉಳಿದ ಹಣ, ಪೈಪು ಸವೆಯುವವರೆಗೆ ಮೋಟರಿನಲ್ಲಿ ಸೋರುತ್ತಲೇ ಇರುತ್ತದೆ.

ಇನ್ನು ಮಣ್ಣು. ದೊಡ್ಡ ಗನ್ನು ತಾನು ನೆನೆಸುವ ಜಾಗಕ್ಕೆ ಗಂಟೆಗೆ ಸುಮಾರು 10 ಮಿಲಿಮೀಟರಿನಂತೆ ನೀರು ಸುರಿಯುತ್ತದೆ. ಬಿರುಕುಬಿಟ್ಟ ಎರಿ ಭೂಮಿ ಮೊದಲಿಗೆ ಅದನ್ನು ಗಟಗಟ ಕುಡಿಯುತ್ತದೆ. ಬಿರುಕು ಮುಚ್ಚಿ ಮಣ್ಣು ಉಬ್ಬಿದ ಮೇಲೆ ಗಂಟೆಗೆ ಕೆಲವೇ ಮಿಲಿಮೀಟರ್ ಇಳಿಯುತ್ತದೆ, ಉಳಿದದ್ದು ಬದುವಿನ ಕಡೆ ಹರಿಯುತ್ತದೆ. ಆದ್ದರಿಂದ ಎರಿಯಲ್ಲಿ 50 ಮಿಲಿಮೀಟರನ್ನು ಒಂದೇ ಎಳೆತಕ್ಕೆ ಕೊಡುವ ಆಸೆ ಬಿಡಬೇಕು. 20, 25ಕ್ಕೆ ನಿಲ್ಲಿಸಿ, ವಾರ ಬಿಟ್ಟು ಮತ್ತೊಮ್ಮೆ ಬರಬೇಕು. ಉಳ್ಳಾಗಡ್ಡಿಯ ಎಳೆ ಸಸಿಗಳ ಮೇಲೆ ದೊಡ್ಡ ಗನ್ನು ಬೇಡವೇ ಬೇಡ. ಒತ್ತಡ ಸ್ವಲ್ಪ ಕುಸಿದರೂ ಹನಿ ದಪ್ಪವಾಗಿ ಸಸಿಯನ್ನು ನೆಲಕ್ಕೆ ಬಡಿಯುತ್ತದೆ. ಸವದತ್ತಿ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವ ಸೀಮೆ ಇದು. ಗಾಳಿ ಜೋರಿದ್ದಾಗ ಪಟ್ಟಿಯ ಅಗಲ ಕಡಿಮೆ ಹಿಡಿಯಬೇಕು, ಇಲ್ಲವಾದರೆ ಎರಡು ಪಟ್ಟಿಗಳ ನಡುವೆ ಒಣ ಗೆರೆ ಉಳಿಯುತ್ತದೆ.

ಯಂತ್ರ ಮನೆಗೆ ಬಂದ ಮೇಲೆ ಅದನ್ನು ಉಳಿಸುವುದೂ ಸಂಖ್ಯೆಯ ಮಾತೇ. ಪಾಲಿಎಥಿಲೀನ್ ಪೈಪಿನ ಮೇಲೆ ಬರೆದ ಒತ್ತಡದ ಮಿತಿ 20 ಡಿಗ್ರಿ ಉಷ್ಣತೆಗೆ ಸರಿ. 40 ಡಿಗ್ರಿಯಲ್ಲಿ ಅದರ ಮುಕ್ಕಾಲು ಭಾಗವೂ ಉಳಿಯುವುದಿಲ್ಲ. 10 ಬಾರ್ ಎಂದು ಬರೆದದ್ದು 7.4 ಬಾರ್ ಆಗುತ್ತದೆ. ರಾಮದುರ್ಗದ ಏಪ್ರಿಲ್ ಬಿಸಿಲಿಗೆ ಬಿದ್ದ ಕರಿ ಪೈಪು 40 ದಾಟುವುದು ನಿಶ್ಚಿತ. ದೊಡ್ಡ ಯಂತ್ರದ ಬಾಯಿಗೇ ಏಳೂವರೆ ಬಾರ್ ಬೇಕಲ್ಲ! ಹಾಗಾಗಿ ಬಿಚ್ಚಿದ ಪೈಪನ್ನು ಬಿಸಿಲಲ್ಲಿ ಖಾಲಿ ಕೆಡವಬಾರದು, ಬೇಸಿಗೆಯಲ್ಲಿ ರೀಲನ್ನು ನೆರಳಲ್ಲಿ ನಿಲ್ಲಿಸಬೇಕು, ಕಾದ ಪೈಪಿಗೆ ಒಮ್ಮೆಲೇ ಪೂರ್ಣ ಒತ್ತಡ ಕೊಡಬಾರದು.

ವಾಲ್ವನ್ನು ಯಾವಾಗಲೂ ಮೆಲ್ಲಗೆ ತಿರುಗಿಸಬೇಕು. ದೊಡ್ಡ ಪೈಪಿನಲ್ಲಿ ಸೆಕೆಂಡಿಗೆ ಎರಡು ಮೀಟರ್ ಓಡುವ ನೀರನ್ನು ಒಮ್ಮೆಲೇ ತಡೆದರೆ ಕ್ಷಣಕಾಲ ಒತ್ತಡ ಇನ್ನೂ 5 ಬಾರ್‌ನಷ್ಟು ಮೇಲೇರುತ್ತದೆ. ಕೀಲುಗಳು ಸಡಿಲವಾಗುವುದು, ಪೈಪು ಸೀಳುವುದು ಇಂಥ ಕ್ಷಣಗಳಲ್ಲೇ. ಕರೆಂಟು ದಿಢೀರನೆ ಹೋಗಿ ಬರುವ ನಮ್ಮ ಲೈನುಗಳಲ್ಲಿ ಒಳ್ಳೆಯ ನಾನ್‌ರಿಟರ್ನ್ ವಾಲ್ವು, ಗಾಳಿ ಬಿಡುವ ವಾಲ್ವು ಎರಡೂ ಅಗತ್ಯ.

ನಾಝಲ್ ಸವೆತವನ್ನು ಕಣ್ಣು ಗುರುತಿಸುವುದಿಲ್ಲ. 24 ಮಿಲಿಮೀಟರ್ ಇದ್ದದ್ದು ಹೊಳೆಯ ಮರಳಿಗೆ ಸವೆದು 25 ಆದರೆ ನೀರಿನ ಖರ್ಚು ಶೇಕಡ 8ಕ್ಕೂ ಹೆಚ್ಚು ಏರುತ್ತದೆ, ಒತ್ತಡ ಕುಸಿಯುತ್ತದೆ, ಹನಿ ದಪ್ಪವಾಗುತ್ತದೆ. ಹಂಗಾಮಿಗೊಮ್ಮೆ ಕ್ಯಾಲಿಪರ್ ಹಿಡಿದು ಅಳೆಯಿರಿ. ಹೊಳೆ ನೀರಿಗೆ, ಹೊಂಡದ ನೀರಿಗೆ ಜಾಲರಿ ಫಿಲ್ಟರ್ ಇಲ್ಲದಿದ್ದರೆ ಟರ್ಬೈನಿಗೆ ಕಲ್ಲು ಸಿಕ್ಕಿ ಗಾಡಿ ನಿಲ್ಲುತ್ತದೆ. ಗಾಡಿ ನಿಂತಿತೋ, ಒಂದೇ ಜಾಗಕ್ಕೆ ತಾಸಿಗೆ 10 ಮಿಲಿಮೀಟರಿನಂತೆ ಇಡೀ ರಾತ್ರಿ ಸುರಿದು ಬೆಳೆ ಕೊಳೆಯುತ್ತದೆ. ಪೈಪನ್ನು ಸಾಲುಗಟ್ಟಿ ಸುತ್ತುವ ಗೈಡು, ಚೈನು, ತಿರುಗುವ ಕೀಲಿನ ಸೀಲು, ಗನ್ನಿನ ಬೇರಿಂಗು ಇವಕ್ಕೆ ಗ್ರೀಸು, ಗೇರ್‌ಬಾಕ್ಸಿಗೆ ಎಣ್ಣೆ, ಟೈರಿಗೆ ಗಾಳಿ, ಹಂಗಾಮು ಮುಗಿದಾಗ ಟರ್ಬೈನಿನ ನೀರು ಪೂರ್ತಿ ಬಸಿಯುವುದು. ಟ್ರ್ಯಾಕ್ಟರ್ ಇಟ್ಟವರಿಗೆ ಇದರಲ್ಲಿ ಹೊಸದೇನಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ದಪ್ಪಕ್ಷರದಲ್ಲಿ ಓದಿಕೊಳ್ಳಿ: ಹೊಲದ ಮೇಲೆ ವಿದ್ಯುತ್ ತಂತಿ ಹಾದಿದ್ದರೆ ಗನ್ನಿನ ನೀರು ಆ ತಂತಿಗೆ ತಾಗಲೇಬಾರದು. 45 ಮೀಟರ್ ಹಾರುವ ನೀರಿಗೆ ಕಂಬದ ಎತ್ತರ ಯಾವ ಲೆಕ್ಕಕ್ಕೂ ಇಲ್ಲ. ತಂತಿಯ ಕೆಳಗಿನ ಪಟ್ಟಿಯನ್ನು ಹಳೆಯ ಸ್ಪ್ರಿಂಕ್ಲರಿಗೋ ಕಾಲುವೆ ನೀರಿಗೋ ಬಿಟ್ಟುಬಿಡಿ.

ಕೊಳ್ಳುವ ದಿನ ಒಂದು ಕೆಲಸ ಮಾಡಿ. ಮಾರುವವರನ್ನು ನಿಮ್ಮದೇ ಹೊಲಕ್ಕೆ, ನಿಮ್ಮದೇ ಮೋಟರಿನ ಹತ್ತಿರ ಕರೆಸಿ ಯಂತ್ರ ಓಡಿಸಲು ಹೇಳಿ. ಗನ್ನಿನ ಬುಡದಲ್ಲಿ ಪ್ರೆಷರ್ ಗೇಜ್ ಇಡಿಸಿ. ಪಟ್ಟಿಯ ಅಗಲಕ್ಕೆ ಅಡ್ಡಲಾಗಿ ಐದೈದು ಮೀಟರಿಗೆ ಒಂದರಂತೆ ನೆಟ್ಟಗೆ ನಿಲ್ಲುವ ಒಂದೇ ಅಳತೆಯ ಡಬ್ಬಿಗಳನ್ನು ಸಾಲಾಗಿ ಇಡಿ. ಗಾಡಿ ದಾಟಿ ಹೋದ ಮೇಲೆ ಪ್ರತಿ ಡಬ್ಬಿಯ ನೀರನ್ನು ಸ್ಕೇಲಿನಿಂದ ಅಳೆಯಿರಿ. ನಡುವಿನ ಡಬ್ಬಿಯಲ್ಲಿ 25 ಮಿಲಿಮೀಟರ್ ಇದ್ದು, ಪಕ್ಕದ ಪಟ್ಟಿಯ ನೀರು ಸೇರಿದ ಮೇಲೂ ಅಂಚಿನದರಲ್ಲಿ 20 ದಾಟದಿದ್ದರೆ ಆ ಯಂತ್ರವನ್ನು ತಂದ ಗಾಡಿಯಲ್ಲೇ ವಾಪಸ್ ಕಳಿಸಿ.